ಮೈಸೂರಿನ ಪುಡಿ, ಬಿಜಾಪುರದ ಚಹಾ

ಕ್ಯಾಲಿಫೋರ್ನಿಯಾದ ಕ್ಯಾಂಪ್‌ಬೆಲ್‌ನ ಒಬ್ಬ ದಂತವೈದ್ಯರ ಆಫೀಸಿನಲ್ಲಿ ವಾರಕ್ಕೆ ಮೂರು ದಿನ ನನಗೆ ಕೆಲಸವಿತ್ತು. ಬಂದವರ ಹೆಸರು ಬರೆದುಕೊಂಡು ಕೂರಿಸುವುದು, ಫೋನ್ ಎತ್ತುವುದು. ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಆ ಆಫೀಸಿನ ಹಿಂದಿನ ಕೋಣೆಯಲ್ಲಿ ಒಂದು ಕಾಫಿ ಮೆಷೀನು ಇತ್ತು. ಬೆಳಿಗ್ಗೆ ಎಂಟಕ್ಕೆ ಯಾರಾದರೊಬ್ಬರು ನೀರು ಸುರಿದು ಗುಂಡಿ ಒತ್ತಿದರೆ ಗಾಜಿನ ಜಾಡಿಯಲ್ಲಿ ಕಂದು ಬಣ್ಣದ ನೀರು ತುಂಬುತ್ತಿತ್ತು. ಅದು ಬಿಸಿ ತಟ್ಟೆಯ ಮೇಲೆ ಮಧ್ಯಾಹ್ನದವರೆಗೂ ಕೂತಿರುತ್ತಿತ್ತು. ಹನ್ನೊಂದರ ಹೊತ್ತಿಗೆ ಸೀದ ವಾಸನೆ ಬಂದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಅದಕ್ಕೆ ಹಾಲಿನ ಬದಲು ಬಿಳಿ ಪುಡಿ ಉದುರಿಸಿ, ಒಂದು ಪ್ಲಾಸ್ಟಿಕ್ ಕಡ್ಡಿಯಲ್ಲಿ ಕಲಕಿ, ದೊಡ್ಡ ದೊಡ್ಡ ಮಗ್ಗುಗಳಲ್ಲಿ ದಿನವಿಡೀ ಕುಡಿಯುತ್ತಿದ್ದರು. ಮೊದಲ ದಿನ ನನಗೂ ಕೊಟ್ಟರು. ಒಂದು ಗುಟುಕು ಕುಡಿದು ಕೈ ತೊಳೆಯುವ ತೊಟ್ಟಿಗೆ ಚೆಲ್ಲಿದೆ. ಚಂದ್ರನ ಮೇಲೆ ಕಾಲಿಟ್ಟು ಬಂದ ಜನಕ್ಕೆ ಒಂದು ಲೋಟ ಕಾಫಿ ಮಾಡಲು ಬರುವುದಿಲ್ಲ ಎಂದು ಆ ದಿನವೇ ತೀರ್ಮಾನಿಸಿದೆ. ತೀರ್ಮಾನಕ್ಕೆ ಬರುವುದರಲ್ಲಿ ನಾನು ಆಗ ಬಹಳ ಚುರುಕು.

ನಾನು ಬೆಳೆದದ್ದು ಮೈಸೂರಿನಲ್ಲಿ. ನಮ್ಮ ಮನೆಯಲ್ಲಿ ಕಾಫಿಯನ್ನು ಕುಡಿಯುವ ಪದಾರ್ಥ ಎಂದು ಯಾರೂ ಭಾವಿಸಿರಲಿಲ್ಲ. ಅದು ನಮ್ಮ ಅಂತಸ್ತು. ಬೀಜ ಕೊಳ್ಳುವ ಅಂಗಡಿ ಯಾವುದು, ಹುರಿಸುವ ಹದ ಎಷ್ಟು, ಚಿಕೋರಿ ಎಷ್ಟು ಎಂಬುದರ ಮೇಲೆ ನಮ್ಮಪ್ಪ ಜನರನ್ನು ಅಳೆಯುತ್ತಿದ್ದರು. ಟೀ ಎಂದರೆ ಜ್ವರ ಬಂದವರಿಗೆ ಶುಂಠಿ ಹಾಕಿ ಕೊಡುವ ಕಷಾಯ. ಸೈನ್ಯದಲ್ಲಿದ್ದ ಚಿಕ್ಕಪ್ಪ ರಜೆಗೆ ಬಂದಾಗ ಟೀ ಕೇಳುತ್ತಿದ್ದರು. ಅಮ್ಮ ಮಾಡಿಕೊಡುತ್ತಿದ್ದಳು, ಆದರೆ ಲೋಟವನ್ನು ಅವರ ಮುಂದೆ ಇಡುವ ರೀತಿಯಲ್ಲೇ ಅವಳ ಅಭಿಪ್ರಾಯ ಗೊತ್ತಾಗುತ್ತಿತ್ತು. ಮದುವೆಯಾಗಿ ಕ್ಯಾಲಿಫೋರ್ನಿಯಾಕ್ಕೆ ಹೊರಟಾಗ ನಾನು ಹಿತ್ತಾಳೆಯ ಫಿಲ್ಟರಿನ ಜೊತೆಗೆ ಈ ತಾತ್ಸಾರವನ್ನೂ ಕಟ್ಟಿಕೊಂಡು ಬಂದೆ.

ಪುಡಿ ಮೈಸೂರಿನಿಂದಲೇ ಬರಬೇಕಿತ್ತು. ಊರಿಗೆ ಯಾರು ಹೊರಟರೂ ಅಪ್ಪನಿಗೆ ಒಂದು ಕಾಗದ, ಅವರು ವಾಪಸು ಬರುವಾಗ ಎರಡು ಕಿಲೋ ಪುಡಿ. ಹೀಗೆ ತರಿಸಿ, ಡಬ್ಬಕ್ಕೆ ಟೇಪು ಸುತ್ತಿ ಫ್ರೀಜರಿನಲ್ಲಿ ಇಟ್ಟು, ಜಿಪುಣಿಯ ಹಾಗೆ ಬಳಸುತ್ತಿದ್ದೆ. ಸುತ್ತಮುತ್ತಲಿನ ಕನ್ನಡದವರಲ್ಲಿ ನನ್ನ ಕಾಫಿಗೆ ಹೆಸರು ಬಂತು. ಹಬ್ಬಕ್ಕೊಮ್ಮೆ ಎಲ್ಲರೂ ಸೇರುವ ನಮ್ಮದೊಂದು ಗುಂಪಿತ್ತು. ಅದರ ಅಧ್ಯಕ್ಷರು ಬೆಂಗಳೂರಿನವರು, ಎಂಜಿನಿಯರು, ಸಾರಟೋಗದ ಗುಡ್ಡದ ಮೇಲೆ ಮನೆ. ಕಾಫಿಯ ಬಗ್ಗೆ ಅವರು ಮಾತನಾಡಲು ಶುರುಮಾಡಿದರೆ ಎದುರಿಗಿದ್ದ ಕಾಫಿ ಆರಿ ಹೋಗುತ್ತಿತ್ತು. ಲೋಟವನ್ನು ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ, "ಇದು ಚಿಕ್ಕಮಗಳೂರು ಕಡೆ ಬೀಜ, ಎತ್ತರದ ಎಸ್ಟೇಟು," ಎನ್ನುತ್ತಿದ್ದರು. ನನ್ನ ಕಾಫಿ ಕುಡಿದ ದಿನ, "ಇನ್ಮೇಲೆ ಫಂಕ್ಷನ್ನಿಗೆಲ್ಲ ಕಾಫಿ ಡಿಪಾರ್ಟ್‌ಮೆಂಟು ಇವರದೇ," ಎಂದು ಎಲ್ಲರ ಎದುರು ಘೋಷಿಸಿದರು. ನನಗೆ ರಾಜ್ಯವೇ ಸಿಕ್ಕಷ್ಟು ಹೆಮ್ಮೆಯಾಯಿತು. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಆ ವರ್ಷದ ಬೇಸಿಗೆಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಮೇಲಿನ ಮನೆಗೆ ಒಂದು ಕುಟುಂಬ ಬಂತು. ಗಂಡ ಎಂಜಿನಿಯರು, ಹೆಂಡತಿ ಆಸ್ಪತ್ರೆಯಲ್ಲಿ ಡಾಕ್ಟರು, ಐದು ವರ್ಷದ ಮಗಳು. ಜೊತೆಗೆ ಡಾಕ್ಟರಮ್ಮನ ತಾಯಿ, ಬಿಜಾಪುರದವರು. ಅರವತ್ತರ ಹತ್ತಿರದ ವಯಸ್ಸು, ಗಟ್ಟಿ ಮೈಕಟ್ಟು, ಇಳಕಲ್ ಸೀರೆಯ ಮೇಲೆ ಮಗಳು ಕೊಡಿಸಿದ ಗಂಡಸರ ಸ್ವೆಟರು. ಅವರನ್ನು ಮೊದಲು ಕಂಡದ್ದು ಬಟ್ಟೆ ಒಗೆಯುವ ಮೆಷೀನುಗಳಿದ್ದ ಕೋಣೆಯಲ್ಲಿ. ಮೆಷೀನಿನ ಗಾಜಿನ ಬಾಗಿಲಿನೊಳಗೆ ತಿರುಗುತ್ತಿದ್ದ ಬಟ್ಟೆಗಳನ್ನು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದರು.

"ಇದರಾಗ ಹೊಲಸ ಹೋಗತೈತೇನವಾ?" ಎಂದು, ಪರಿಚಯವೂ ಇಲ್ಲದೆ, ನಾನು ಕನ್ನಡದವಳು ಎಂದು ಹೇಗೆ ತಿಳಿಯಿತೋ, ನೇರವಾಗಿ ಕೇಳಿದರು.

"ಹೋಗುತ್ತೆ ಆಂಟಿ," ಎಂದೆ.

"ಆಂಟಿ ಅಂದ್ರ ಯಾರು? ಕಾಕು ಅನ್ನು. ಬಾ, ಇದು ತಿರಗೂತನಕ ಚಾ ಕುಡದು ಬರೂಣು."

"ನಾವು ಟೀ ಕುಡಿಯಲ್ಲ."

ಅದನ್ನು ಯಾವ ದನಿಯಲ್ಲಿ ಹೇಳಿದೆ ಎಂದು ನನಗೆ ನೆನಪಿದೆ. ನಾವು ಮಾಂಸ ತಿನ್ನುವುದಿಲ್ಲ ಎಂದು ಇಲ್ಲಿಯವರಿಗೆ ಹೇಳುವ ದನಿ. ಕಾಕು ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದರು.

"ಹಂಗಾರ ದಿನಾ ಮುಂಜಾನೆ ಸುಟ್ಟ ವಾಸನಿ ಬರೂದು ನಿಮ್ಮ ಮನಿಯಿಂದ. ನಾ ಏನೋ ಒಲಿ ಮ್ಯಾಲ ಹತ್ತೈತಿ ಅಂತ ತಿಳಕೊಂಡಿದ್ದೆ."

ನನ್ನ ಅಪ್ಪ ಐವತ್ತು ವರ್ಷ ಕಾಪಾಡಿಕೊಂಡು ಬಂದ ಹದಕ್ಕೆ ಸುಟ್ಟ ವಾಸನೆ ಎಂದವರನ್ನು ನಾನು ಅದುವರೆಗೂ ಕಂಡಿರಲಿಲ್ಲ.

ಆಮೇಲೂ ನಾವು ಮಾತು ಬಿಡಲಿಲ್ಲ. ಮಾತಿಗೆ ಬೇರೆ ಯಾರೂ ಇರಲಿಲ್ಲ ಎಂಬುದೇ ಅದಕ್ಕೆ ಕಾರಣ. ಮಗಳು ಅಳಿಯ ಬೆಳಿಗ್ಗೆಯೇ ಹೊರಟರೆ ಕತ್ತಲಾದ ಮೇಲೆ ಬರುವವರು. ಮೊಮ್ಮಗಳು ಡೇಕೇರಿನಿಂದ ಬಂದು ಅಜ್ಜಿ ಹೇಳಿದ್ದನ್ನೆಲ್ಲ ಅರ್ಥಮಾಡಿಕೊಂಡು ಎಲ್ಲಕ್ಕೂ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಕಾಕುಗೆ ಬೇಕಾದ್ದು ರೊಟ್ಟಿ, ಜೋಳದ ರೊಟ್ಟಿ. ಊರಿನಿಂದ ತಂದ ಹಿಟ್ಟು ಎರಡು ತಿಂಗಳಿಗೆ ಮುಗಿದಿತ್ತು. ಬರ್ಕ್‌ಲಿಯ ಇಂಡಿಯನ್ ಅಂಗಡಿಯಲ್ಲಿ ಗೋಧಿ ಹಿಟ್ಟು, ಕಡಲೆ ಹಿಟ್ಟು ಸಿಗುತ್ತಿತ್ತು, ಜೋಳದ ಹಿಟ್ಟು ಎಂದರೆ ಅಂಗಡಿಯವನು ಮೆಕ್ಕೆಜೋಳದ ಹಿಟ್ಟು ತೋರಿಸುತ್ತಿದ್ದ. ಅನ್ನ ಉಂಡರೆ ಕಾಕುಗೆ ಉಂಡ ಹಾಗೇ ಆಗುತ್ತಿರಲಿಲ್ಲ. "ಮೂರು ತಾಸಿಗೆ ಹೊಟ್ಟಿ ಖಾಲಿ. ನೀವು ಮೈಸೂರು ಮಂದಿ ಇದನ್ನ ತಿಂದು ಹೆಂಗ ಬದಕೀರಿ," ಎಂದು ನನ್ನನ್ನೇ ಕೇಳುತ್ತಿದ್ದರು.

ಒಂದು ದಿನ ಬಾಗಿಲು ತಟ್ಟಿದರು. ಅಂಗೈಯಲ್ಲಿ ಏಳೆಂಟು ಕಾಳು. ಎದುರು ಮನೆಯ ಅಮೆರಿಕನ್ ಮುದುಕಿ ಹಕ್ಕಿಗಳಿಗೆಂದು ಬಾಲ್ಕನಿಯಲ್ಲಿ ಕಾಳು ನೇತುಹಾಕುತ್ತಿದ್ದಳು. ಅದರಿಂದ ಕೆಳಗೆ ಉದುರಿದ್ದನ್ನು ಕಾಕು ಆರಿಸಿಕೊಂಡು ಬಂದಿದ್ದರು.

"ನೋಡು. ಇದು ಜ್ವಾಳ."

ನೋಡಿದೆ. ಸ್ವಲ್ಪ ಕೆಂಪಾದ, ಗುಂಡನೆಯ ಕಾಳು. "ಇದು ಹಕ್ಕಿಗೆ ಹಾಕೋದು ಕಾಕು."

"ಹಕ್ಕಿಗೆ ಬುದ್ಧಿ ಐತಿ. ಇದು ಎಲ್ಲಿ ಸಿಗತೈತಿ ಕೇಳು."

ಕೇಳಿದೆ. ದನ, ಕುದುರೆ, ಕೋಳಿಗಳ ಮೇವು ಮಾರುವ ಅಂಗಡಿಯಲ್ಲಿ ಸಿಗುತ್ತದೆ ಎಂದು ಆ ಮುದುಕಿ ಹೇಳಿದಳು. ನನಗೆ ರಜೆಯಿದ್ದ ಒಂದು ದಿನ ಕಾಕುವನ್ನು ಕಾರಿನಲ್ಲಿ ಕೂರಿಸಿಕೊಂಡು ಫ್ರೀವೇ ಹಿಡಿದು ಮಾರ್ಗನ್ ಹಿಲ್ ಕಡೆ ಹೋದೆ. ಕಬ್ಬಿಣದ ತಗಡಿನ ದೊಡ್ಡ ಷೆಡ್ಡು, ಒಳಗೆ ಒಣಹುಲ್ಲಿನ ವಾಸನೆ. ಟೋಪಿ ಹಾಕಿದ ಅಂಗಡಿಯವನು ಒಂದು ಮೂಟೆ ಬಿಚ್ಚಿ ತೋರಿಸಿದ. ಕಾಕು ಮೊಣಕೈವರೆಗೂ ಕೈ ಇಳಿಸಿ, ಕಾಳನ್ನು ತೆಗೆದು, ಊದಿ, ಒಂದನ್ನು ಹಲ್ಲಿನಲ್ಲಿ ಕಡಿದರು. ಅಂಗಡಿಯವನ ಹುಬ್ಬು ಮೇಲೇರಿತು. ಎಷ್ಟು ಕೋಳಿಗಳಿವೆ ಎಂದು ನನ್ನನ್ನು ಕೇಳಿದ.

"ಏನಂತಾನ?" ಎಂದರು ಕಾಕು.

"ಎಷ್ಟು ಕೋಳಿ ಇದಾವೆ ಅಂತ ಕೇಳ್ತಿದಾನೆ."

"ನಾಕು ಮಂದಿ ಅಂತ ಹೇಳು."

ಹನ್ನೆರಡು ಕೋಳಿ ಎಂದು ನಾನು ಹೇಳಿದೆ. ಹಸಿರು ಸೀರೆಯುಟ್ಟ ಈ ಹೆಂಗಸು ತಿನ್ನುವುದಕ್ಕೆ ಎಂದು ಹೇಳಲು ನನಗೆ ನಾಚಿಕೆಯಾಗಿತ್ತು. ಮೂಟೆಯನ್ನು ಕಾರಿನ ಡಿಕ್ಕಿಗೆ ಹಾಕಿಕೊಂಡು ಬಂದೆವು. ಡಾಕ್ಟರಮ್ಮ ಬರ್ಕ್‌ಲಿಯಲ್ಲಿ ಉದ್ದ ಕೂದಲಿನ ಹುಡುಗರು ನಡೆಸುತ್ತಿದ್ದ ಅಂಗಡಿಯಿಂದ ಒಂದು ಕೈಗಿರಣಿ ತಂದುಕೊಟ್ಟರು. ಅಂದಿನಿಂದ ಪ್ರತಿದಿನ ಹನ್ನೊಂದಕ್ಕೆ ನನ್ನ ತಲೆಯ ಮೇಲೆ ಟಪ ಟಪ ಎಂದು ರೊಟ್ಟಿ ಬಡಿಯುವ ಸದ್ದು. ಕಾಕು ಎಷ್ಟೋ ಸಲ ಕರೆದರು. ಒಂದಲ್ಲ ಒಂದು ನೆಪ ಹೇಳಿ ತಪ್ಪಿಸಿಕೊಂಡೆ. ಮೂಟೆಯ ಮೇಲೆ ಅಚ್ಚಾಗಿದ್ದ ಹುಂಜದ ಚಿತ್ರ ನನ್ನ ಕಣ್ಣಿನಿಂದ ಹೋಗಿರಲಿಲ್ಲ.

ಯುಗಾದಿ ಹತ್ತಿರ ಬಂತು. ಊಟದ ಪಟ್ಟಿ ಮಾಡಲು ಅಧ್ಯಕ್ಷರ ಮನೆಯಲ್ಲಿ ಮೀಟಿಂಗು. ಹತ್ತು ಹನ್ನೆರಡು ಜನ ಸೇರಿದ್ದೆವು. ಬಿಸಿಬೇಳೆಬಾತು, ಕೋಸಂಬರಿ, ಮೊಸರನ್ನ, ಹೋಳಿಗೆ, ಕೊನೆಯಲ್ಲಿ ಕಾಫಿ. ಪ್ರತಿವರ್ಷದ ಪಟ್ಟಿಯೇ. ಆದರೂ ಅದರ ಮೇಲೆ ಎರಡು ಗಂಟೆ ಚರ್ಚೆ. ಬಿಸಿಬೇಳೆಬಾತಿಗೆ ಬೆಲ್ಲ ಹಾಕುವವರು ಮತ್ತು ಹಾಕದವರು ದೇಶ ಇಬ್ಭಾಗ ಮಾಡುವವರ ಹಾಗೆ ವಾದಿಸಿದರು. ಮೂಲೆಯಲ್ಲಿ ಕೂತಿದ್ದ ಡಾಕ್ಟರಮ್ಮ ಮೆಲ್ಲಗೆ ಮಾತೆತ್ತಿದರು.

"ಹುಬ್ಬಳ್ಳಿ, ಬೆಳಗಾವಿ ಕಡಿಯವರೂ ಈಗ ಹದಿನೈದು ಮನಿ ಆಗೇವಿ. ಈ ಸಲ ರೊಟ್ಟಿ, ಎಣ್ಣಿಗಾಯಿ ಇಡೂಣೇನು? ರೊಟ್ಟಿ ನಮ್ಮ ಅವ್ವ ಮಾಡತಾಳ. ಮತ್ತ ಕಾಫಿ ಜೋಡಿ ಚಾನೂ ಇರಲಿ."

ಅಧ್ಯಕ್ಷರು ನಕ್ಕರು. "ಟೀಗೇನಂತೆ, ಒಂದು ಡಬ್ಬ ಟೀ ಬ್ಯಾಗು ಇಟ್ಟರೆ ಆಯ್ತು. ರೊಟ್ಟಿ ಪ್ರಾಕ್ಟಿಕಲ್ ಅಲ್ಲ ಡಾಕ್ಟ್ರೇ. ಮಕ್ಕಳು ತಿನ್ನಲ್ಲ. ಅದೂ ಅಲ್ದೆ ಜೋಳ ಇಲ್ಲಿ ಎಲ್ಲಿ ಸಿಗುತ್ತೆ?"

ಎಲ್ಲಿ ಸಿಗುತ್ತದೆ ಎಂದು ಆ ಕೋಣೆಯಲ್ಲಿ ಚೆನ್ನಾಗಿ ಗೊತ್ತಿದ್ದವಳು ನಾನು. ಸುಮ್ಮನಿರಬಹುದಿತ್ತು. ಆದರೆ ಅಧ್ಯಕ್ಷರು ನನ್ನ ಪಕ್ಕದಲ್ಲೇ ಕೂತಿದ್ದರು, ನನ್ನ ಹತ್ತಿರ ಒಂದು ಒಳ್ಳೆಯ ಕಥೆಯಿತ್ತು. ಹೇಳಿಬಿಟ್ಟೆ. ಮಾರ್ಗನ್ ಹಿಲ್ಲಿನ ಷೆಡ್ಡು, ಕಾಕು ಕಾಳು ಕಡಿದದ್ದು, ಎಷ್ಟು ಕೋಳಿ ಎಂದು ಅವನು ಕೇಳಿದ್ದು, ನಾಕು ಮಂದಿ ಎಂದು ಅವರು ಹೇಳಿದ್ದು. ಕಾಕುವಿನ ದನಿಯನ್ನೂ ಅನುಕರಿಸಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ಹಾಗಾದರೆ ಯುಗಾದಿಗೆ ಕೋಳಿ ಮೇವು ಬೇಡಪ್ಪ," ಎಂದು ಅಧ್ಯಕ್ಷರು ಮುಗಿಸಿದರು. ಡಾಕ್ಟರಮ್ಮ ನಗಲಿಲ್ಲ. ಕೈಚೀಲ ತೆಗೆದುಕೊಂಡು, ಆಸ್ಪತ್ರೆಗೆ ಹೋಗಬೇಕು ಎಂದು ಹೇಳಿ ಎದ್ದರು. ಅವರ ಕಾರು ಗುಡ್ಡ ಇಳಿಯುವ ಸದ್ದು ಕೇಳಿಸಿತು. ಆಗಲೇ ನನಗೆ ಅರಿವಾಗಬೇಕಿತ್ತು. ಆಗಲಿಲ್ಲ. ಮನೆಗೆ ಬಂದು ಗಂಡನಿಗೂ ಅದೇ ಕಥೆ ಹೇಳಿದೆ. ಅವರು ನನ್ನ ಮುಖ ನೋಡಿ, "ಅವರ ಮಗಳು ಅಲ್ಲೇ ಇದ್ರಾ?" ಎಂದಷ್ಟೇ ಕೇಳಿದರು.

ಹಬ್ಬಕ್ಕೆ ನಾಲ್ಕು ದಿನವಿರುವಾಗ ಪುಡಿ ಬಂತು. ಊರಿನಿಂದ ಬಂದ ಒಬ್ಬ ಗೃಹಿಣಿ ತಂದಿದ್ದರು, ನೂರು ಜನಕ್ಕೆ ಸಾಲುವಷ್ಟು. ಆಕೆ ಅದನ್ನು ರೇಷ್ಮೆ ಸೀರೆಗಳ ನಡುವೆ ಇಟ್ಟಿದ್ದರು. ಸೀರೆಗಳ ಮಡಿಕೆಯಲ್ಲಿ ಹುಳ ಬಾರದಿರಲೆಂದು ನುಸಿಗುಳಿಗೆ. ಪೊಟ್ಟಣ ಬಿಚ್ಚಿದಾಗ ನನ್ನ ಅಡುಗೆಮನೆಯೆಲ್ಲ ಹಳೆಯ ಬೀರುವಿನ ವಾಸನೆ. ಒಂದು ಲೋಟ ಮಾಡಿ ನೋಡಿದೆ. ಸೀರೆ ತೊಳೆದ ನೀರು. ಫ್ರೀಜರಿನಲ್ಲಿ ಉಳಿದಿದ್ದ ಹಳೆಯ ಪುಡಿ ಇಬ್ಬರಿಗೆ ಒಂದು ವಾರಕ್ಕಾದರೆ ಹೆಚ್ಚು.

ಅಧ್ಯಕ್ಷರಿಗೆ ಫೋನ್ ಮಾಡಿ ನಿಜ ಹೇಳಬಹುದಿತ್ತು. ಹೇಳಿದರೆ ನನ್ನ ರಾಜ್ಯ ಹೋಗುತ್ತಿತ್ತು. ಮರುದಿನ ಕಾರು ಹತ್ತಿ ಎಮರಿವಿಲ್ ಕಡೆ ಹೋದೆ. ಆಗ ಅಲ್ಲಿ ಗೋದಾಮುಗಳು, ರೈಲು ಹಳಿಗಳು, ಬಣ್ಣ ಹೋದ ಗೋಡೆಗಳು ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಅಲ್ಲೊಬ್ಬ ಗಡ್ಡದವನು ಕಾಫಿ ಬೀಜ ಹುರಿದು ಮಾರುತ್ತಾನೆ ಎಂದು ಆಫೀಸಿನಲ್ಲಿ ಯಾರೋ ಹೇಳಿದ್ದರು. ಅವನ ಬೀಜ ದಕ್ಷಿಣ ಅಮೆರಿಕದ್ದು. ಕಪ್ಪಗೆ ಹುರಿದದ್ದನ್ನು ಕೊಂಡು, ನುಣ್ಣಗೆ ಪುಡಿ ಮಾಡಿಸಿದೆ. ಬರ್ಕ್‌ಲಿಯ ಉದ್ದ ಕೂದಲಿನವರ ಅಂಗಡಿಯಲ್ಲಿ ಹುರಿದ ಚಿಕೋರಿ ಬೇರು ಸಿಕ್ಕಿತು. ಕಾಫಿ ಬಿಡಲು ಬಯಸುವವರು ಅದನ್ನು ಔಷಧಿಯಂತೆ ಕುಡಿಯುತ್ತಾರಂತೆ. ಮನೆಗೆ ಬಂದು ಎರಡನ್ನೂ ಬೆರೆಸಿ, ನಾನು ಎತ್ತಿಟ್ಟಿದ್ದ ಮೈಸೂರಿನ ಅಂಗಡಿಯ ಹಳೆಯ ಖಾಲಿ ಪೊಟ್ಟಣಗಳಿಗೆ ತುಂಬಿದೆ. ಆ ಪೊಟ್ಟಣಗಳ ಮೇಲೆ ಕನ್ನಡ ಅಕ್ಷರಗಳಿದ್ದವು. ಅಷ್ಟು ಸಾಕಾಗಿತ್ತು.

ಯುಗಾದಿಯ ಊಟ ಒಂದು ಶಾಲೆಯ ಕೆಫೆಟೇರಿಯದಲ್ಲಿ. ಬೆಳಿಗ್ಗೆಯಿಂದ ದೊಡ್ಡ ಪಾತ್ರೆಗಳ ಮೇಲೆ ಬಿಳಿ ಬಟ್ಟೆ ಕಟ್ಟಿ ಡಿಕಾಕ್ಷನ್ ಇಳಿಸಿದೆ. ಖಾಲಿ ಮಾಡಿದ ಪೊಟ್ಟಣಗಳನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲೆ ಇಟ್ಟೆ. ಊಟವಾದ ಮೇಲೆ ಕಾಫಿಗೆ ಸಾಲು ಬೆಳೆಯಿತು. ಮೊದಲ ಲೋಟ ಅಧ್ಯಕ್ಷರಿಗೆ. ಅವರು ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ, ಒಂದು ಗುಟುಕು ಕುಡಿದು, ಮೈಕಿನ ಮುಂದೆ ಹೋದರು.

"ನೋಡಿ, ಈ ಘಮ ಬೇರೆ ಯಾವ ದೇಶದಲ್ಲೂ ಹುಟ್ಟಲ್ಲ. ಇದು ನಮ್ಮ ಮಣ್ಣಿನದು. ಎಷ್ಟು ಮೆಷೀನು ಕಂಡುಹಿಡಿದ್ರೂ ಇವರಿಗೆ ಇದು ದಕ್ಕಲ್ಲ," ಎಂದರು.

ಚಪ್ಪಾಳೆ ಬಿತ್ತು. ದಾವಣಗೆರೆಯ ಒಬ್ಬ ಹಿರಿಯರು, ತಮ್ಮ ತಾಯಿಯ ನೆನಪಾಯಿತು ಎಂದು ನನ್ನ ಕೈ ಹಿಡಿದು ಹೇಳಿದರು. ಸಾಲಿನಲ್ಲಿದ್ದವರೆಲ್ಲ ಮೈಸೂರು ಮೈಸೂರು ಎನ್ನುತ್ತಿದ್ದರು. ನನಗೆ ಒಳಗೊಳಗೇ ಒಂದು ಕೆಟ್ಟ ಖುಷಿ ಶುರುವಾಯಿತು. ಇಷ್ಟು ಜನರಲ್ಲಿ ಒಬ್ಬರಿಗಾದರೂ ನಾಲಗೆ ಎನ್ನುವುದು ಇಲ್ಲವಲ್ಲ ಎಂದುಕೊಂಡೆ. ವರ್ಷಗಟ್ಟಲೆ ಎಸ್ಟೇಟು, ಎತ್ತರ, ಹದ ಎಂದು ಕೊರೆದವರು ಪೊಟ್ಟಣದ ಮೇಲಿನ ಅಕ್ಷರವನ್ನು ಕುಡಿಯುತ್ತಿದ್ದರು.

ಕೆಫೆಟೇರಿಯದ ಇನ್ನೊಂದು ಮೂಲೆಯಲ್ಲಿ ಉತ್ತರ ಕರ್ನಾಟಕದ ಮನೆಗಳವರು ಒಂದೆಡೆ ಕೂತಿದ್ದರು. ಅವರ ಮುಂದೆ ಒಂದು ಡಬ್ಬ ಟೀ ಬ್ಯಾಗು, ಬಿಸಿನೀರು. ಯಾರೂ ಮುಟ್ಟಿರಲಿಲ್ಲ. ಕಾಕು ತಾವೇ ಮೂರು ದೊಡ್ಡ ಥರ್ಮಾಸುಗಳಲ್ಲಿ ಚಹಾ ಮಾಡಿ ತಂದಿದ್ದರು. ಸ್ವಲ್ಪ ಹೊತ್ತಿನಲ್ಲೇ ಅಲ್ಲಿಗೂ ಒಂದು ಸಾಲಾಯಿತು. ಆ ಸಾಲಿನಲ್ಲಿ ಬೆಂಗಳೂರಿನವರೂ ಇದ್ದರು, ಕೈಯಲ್ಲಿದ್ದ ಕಾಫಿಯ ಲೋಟವನ್ನು ಕಿಟಕಿಯ ಕಟ್ಟೆಯ ಮೇಲೆ ಬಿಟ್ಟು, ಯಾರಾದರೂ ನೋಡುತ್ತಾರೇನೋ ಎಂದು ಅತ್ತ ಇತ್ತ ತಿರುಗುತ್ತ.

ಜನ ಕರಗಿದ ಮೇಲೆ ಕಾಕು ನನ್ನ ಮೇಜಿನ ಹತ್ತಿರ ಬಂದರು. "ನನಗೂ ಒಂದೀಟು ಕೊಡು," ಎಂದರು. ಅವರು ಕಾಫಿ ಕೇಳಿದ್ದು ಅದೇ ಮೊದಲು. ಅರ್ಧ ಲೋಟ ಕೊಟ್ಟೆ. ಮೂಸಿದರು, ಒಂದು ಗುಟುಕು ಕುಡಿದರು, ಲೋಟ ಕೆಳಗಿಟ್ಟರು.

"ಇದು ನಿಮ್ಮ ಊರ ಪುಡಿ ಅಲ್ಲ."

ನಾನು ಖಾಲಿ ಲೋಟಗಳನ್ನು ಒಂದರೊಳಗೊಂದು ಸೇರಿಸತೊಡಗಿದೆ.

"ಎಂಟು ತಿಂಗಳಾತು ದಿನಾ ಮುಂಜಾನೆ ನಿಮ್ಮ ಮನಿ ವಾಸನಿ ಕುಡದೀನಿ. ನನಗ ಸೇರೂದಿಲ್ಲ, ಖರೆ. ಆದ್ರ ಗೊತ್ತಾಗತೈತಿ. ಇದು ಬ್ಯಾರೆ."

"ಪುಡಿ ಕೆಟ್ಟೋಗಿತ್ತು ಕಾಕು. ಇಲ್ಲಿದೇ ತಂದೆ."

"ಹೂಂ." ಮೇಜಿನ ಮೇಲಿದ್ದ ಪೊಟ್ಟಣವೊಂದನ್ನು ಎತ್ತಿ ನೋಡಿ ಅಲ್ಲೇ ಇಟ್ಟರು. "ನಾ ಯಾರ ಮುಂದೂ ಹೇಳೂದಿಲ್ಲ. ನಿನ್ನಂಗ ಕತಿ ಹೇಳಾಕ ನನಗ ಬರೂದಿಲ್ಲ."

ಡಾಕ್ಟರಮ್ಮ ಹೇಳಿದ್ದಾರೆ ಎಂದು ಆಗ ತಿಳಿಯಿತು. "ತಪ್ಪಾಯ್ತು ಕಾಕು," ಎಂದೆ.

"ನಾ ಉಣ್ಣೂದನ್ನ ಹಿಡಕೊಂಡು ಮಂದೀನ ನಗಸಿದಿ. ಅದನ್ನ ನೀ ಒಂದು ತುತ್ತೂ ತಿಂದಿಲ್ಲ. ಅದಕ್ಕ ನನಗ ಸಿಟ್ಟು." ದನಿ ಏರಲಿಲ್ಲ. "ನಾಳಿ ಹನ್ನೊಂದಕ್ಕ ಬಾ. ತಿನ್ನು. ಆಮ್ಯಾಲ ಕೋಳಿ ಮೇವು ಅಂತ ಅನಸಿದ್ರ ಅನ್ನು, ನಾ ಕೇಳತೀನಿ."

ಮರುದಿನ ಸೋಮವಾರ, ನನಗೆ ರಜೆ. ಹನ್ನೊಂದಕ್ಕೆ ಮೆಟ್ಟಿಲು ಹತ್ತಿದೆ. ಕಾಕು ಕುದಿಯುವ ನೀರಿಗೆ ಹಿಟ್ಟು ಸುರಿದು, ನಾದಿ, ಅಡುಗೆಕಟ್ಟೆಯ ಮೇಲೆ ರೊಟ್ಟಿ ಬಡಿದರು. ಕೆಂಪು ಕಾಳಿನ ಹಿಟ್ಟು ಅಂಚಿನಲ್ಲಿ ಒಡೆಯುತ್ತಿತ್ತು, ಅದಕ್ಕೆ ಅವರು ಬೈಯುತ್ತಿದ್ದರು. ಕರೆಂಟಿನ ಒಲೆಗೂ ಬೈದರು. ತಟ್ಟೆಗೆ ಬಿಸಿ ರೊಟ್ಟಿ, ಕಡಲೆ ಹಿಟ್ಟಿನ ಜುಣಕ, ಅಗಸೆ ಬೀಜದ ಚಟ್ನಿ, ಹಸಿ ಈರುಳ್ಳಿ ಬಿತ್ತು. ಮೊದಲ ತುತ್ತು ಸುಟ್ಟ ವಾಸನೆಯದು, ಸ್ವಲ್ಪ ಒಗರು. ಎರಡನೆಯದಕ್ಕೆ ಒಗರು ಹೋಯಿತು. ಮೂರು ರೊಟ್ಟಿ ತಿಂದೆ. ಹೊಗಳಬೇಕೆಂದು ತಿನ್ನಲಿಲ್ಲ. ಹೊಟ್ಟೆ ಕೇಳಿತು, ಕೈ ಹೋಯಿತು. ಕಾಕು ಎದುರಿಗೆ ಕೂತು ನೋಡುತ್ತಿದ್ದರು, ಹೇಗಿದೆ ಎಂದು ಕೇಳಲಿಲ್ಲ.

ಆಮೇಲೆ ಚಹಾ. ಹಾಲು, ಸಕ್ಕರೆ, ಪುಡಿ, ಜಜ್ಜಿದ ಶುಂಠಿ ಎಲ್ಲವನ್ನೂ ಒಟ್ಟಿಗೆ ಕುದಿಸಿ, ಉಕ್ಕಿ ಬಂದಾಗಲೆಲ್ಲ ಪಾತ್ರೆ ಎತ್ತಿ ಇಳಿಸಿ, ಇಟ್ಟಿಗೆ ಬಣ್ಣ ಬಂದ ಮೇಲೆ ಕಪ್ಪಿಗೆ ಸುರಿದು, ಬಸಿಯ ಜೊತೆ ಕೊಟ್ಟರು. ಬಸಿಯಲ್ಲಿ ಸೊರ್ ಎಂದು ಕುಡಿದು ತೋರಿಸಿದರು. ನಾನೂ ಕುಡಿದೆ. ಪಾಯಸಕ್ಕೆ ಶುಂಠಿ ಹಾಕಿದಂತಿತ್ತು.

"ಚಾ ನನಗೆ ಸೇರಲಿಲ್ಲ ಕಾಕು," ಎಂದೆ. ಸುಳ್ಳು ಹೇಳಿ ಸಾಕಾಗಿತ್ತು.

"ಸೇರದಿದ್ರ ಬಿಡು. ರೊಟ್ಟಿ?"

"ರೊಟ್ಟಿ ಚೆನ್ನಾಗಿತ್ತು."

"ಗೊತ್ತೈತಿ," ಎಂದರು.

ಅದೇ ವಾರದ ಕೊನೆಗೆ ಪಾತ್ರೆಗಳನ್ನು ಹಿಂತಿರುಗಿಸಲು ಸಾರಟೋಗಕ್ಕೆ ಹೋದೆ. ಅಧ್ಯಕ್ಷರು ಸೋಫಾದಲ್ಲಿ ಕೂತು ಪೇಪರು ಓದುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ನುಸಿಗುಳಿಗೆ, ಎಮರಿವಿಲ್ಲಿನ ಗಡ್ಡದವನು, ಖಾಲಿ ಪೊಟ್ಟಣ. ಅವರು ಪೇಪರು ಮಡಿಸಿದರು.

"ನನಗೆ ಮೊದಲನೇ ಗುಟುಕಿಗೇ ಗೊತ್ತಾಯ್ತು. ಎಲ್ಲರ ಮುಂದೆ ನಿಮಗೆ ಮುಜುಗರ ಆಗಬಾರದು ಅಂತ ಸುಮ್ಮನಿದ್ದೆ."

"ಮೈಕಲ್ಲಿ ನಮ್ಮ ಮಣ್ಣಿಂದು ಅಂದ್ರಲ್ಲ."

"ಅದು ಪ್ರೋತ್ಸಾಹಕ್ಕೆ." ಪೇಪರನ್ನು ಮತ್ತೆ ಬಿಡಿಸುತ್ತ, "ಮುಂದಿನ ಸಲಕ್ಕೆ ಕಾಫಿ ಬೇರೆ ಯಾರಿಗಾದ್ರೂ ಕೊಡೋಣ. ವಿಶ್ವಾಸದ ಪ್ರಶ್ನೆ ನೋಡಿ," ಎಂದರು.

ಅವರ ಹೆಂಡತಿ ನನ್ನನ್ನು ಕಾರಿನವರೆಗೆ ಬಿಡಲು ಬಂದರು. ಮೀಟಿಂಗುಗಳಲ್ಲಿ ತಟ್ಟೆ ಹಿಡಿದು ಓಡಾಡುವುದು ಬಿಟ್ಟರೆ ಅವರ ದನಿಯನ್ನೇ ನಾನು ಕೇಳಿದ್ದಿಲ್ಲ. ಬಾಗಿಲು ಮುಚ್ಚಿದೆಯೇ ಎಂದು ಒಮ್ಮೆ ಹಿಂದೆ ನೋಡಿ, "ನೀವು ಬೇಜಾರು ಮಾಡ್ಕೋಬೇಡಿ. ನಾನು ಎರಡು ವರ್ಷದಿಂದ ಇವರಿಗೆ ಇನ್‌ಸ್ಟೆಂಟ್ ಕೊಡ್ತಿದೀನಿ, ಫಿಲ್ಟರ್ ಕಾಫಿ ಅಂತ. ದಿನಾ ಕಣ್ಣು ಮುಚ್ಕೊಂಡು ಕುಡೀತಾರೆ," ಎಂದರು. ಅವರ ಮುಖದಲ್ಲಿ ನಗುವಿರಲಿಲ್ಲ. ನಾನು ಗುಡ್ಡ ಇಳಿಯುವವರೆಗೂ ತಡೆದುಕೊಂಡು, ಕೆಳಗಿನ ಸ್ಟಾಪ್ ಸೈನಿನ ಹತ್ತಿರ ಕಾರು ನಿಲ್ಲಿಸಿ ನಕ್ಕೆ. ಹಿಂದಿನ ಕಾರಿನವನು ಹಾರ್ನ್ ಹೊಡೆದ ಮೇಲೆ ಹೊರಟೆ.

ಗುಂಪಿನಲ್ಲಿ ನನ್ನ ಸ್ಥಾನ ಹೋಯಿತು. ಕಾಫಿ ಡಿಪಾರ್ಟ್‌ಮೆಂಟು ಒಬ್ಬ ಹಾಸನದವರ ಕೈಗೆ ಹೋಗಿ, ಆಮೇಲೆ ಬಾಡಿಗೆಗೆ ತಂದ ದೊಡ್ಡ ಸ್ಟೀಲು ಮೆಷೀನಿಗೆ ಹೋಯಿತು. ಎಲ್ಲರೂ ಅದನ್ನೂ ಹೊಗಳಿದರು. ಡಾಕ್ಟರಮ್ಮ ನನ್ನೊಂದಿಗೆ ಮಾತಾಡಲು ಇಡೀ ಬೇಸಿಗೆ ಹಿಡಿಯಿತು. ಕಾಕು ಮಾತ್ರ ಅಂದಿನ ಸೋಮವಾರದ ನಂತರ ಆ ವಿಷಯ ಎತ್ತಲಿಲ್ಲ. ನಾನು ರೊಟ್ಟಿ ಬಡಿಯುವುದನ್ನು ಕಲಿಯಲು ಹೋದೆ. ನನ್ನ ರೊಟ್ಟಿಗಳನ್ನು ನೋಡಿ ಅವರು, "ಇದನ್ನ ಖರೇನ ಕೋಳಿಗೆ ಹಾಕಬೇಕು," ಎಂದರು. ಮೊಮ್ಮಗಳು ಮಾತ್ರ "ಐ ಲೈಕ್ ದಿಸ್ ಒನ್, ಅಜ್ಜಿ" ಎಂದು ನನ್ನ ಒಡೆದ ರೊಟ್ಟಿಗೆ ಬೆಣ್ಣೆ, ಸಕ್ಕರೆ ಹಾಕಿಸಿಕೊಂಡು ತಿನ್ನುತ್ತಿದ್ದಳು. ಅವಳ ರುಚಿಯ ಬಗ್ಗೆ ನನಗಾಗಲಿ ಕಾಕುಗಾಗಲಿ ಒಳ್ಳೆಯ ಅಭಿಪ್ರಾಯವಿರಲಿಲ್ಲ.

ಮರುವರ್ಷ ಹುಬ್ಬಳ್ಳಿ, ಬೆಳಗಾವಿ ಕಡೆಯ ಮನೆಗಳು ಬೇರೆಯಾಗಿ ಯುಗಾದಿ ಮಾಡಲು ನಿರ್ಧರಿಸಿದವು. ಹೊಸ ಗುಂಪಿನದು ನೆವಾರ್ಕಿನ ಒಂದು ಸಭಾಂಗಣದಲ್ಲಿ, ಹಳೆಯ ಗುಂಪಿನದು ಅದೇ ಕೆಫೆಟೇರಿಯದಲ್ಲಿ, ಒಂದೇ ಭಾನುವಾರ, ಒಂದೇ ಹೊತ್ತಿಗೆ. ಎರಡೂ ಕಡೆಯವರು ಫೋನ್ ಮಾಡಿ ಕರೆದರು, ಎರಡೂ ಕಡೆಯವರು ಇನ್ನೊಂದು ಕಡೆ ಹೋಗಬೇಡಿ ಎಂದು ಸೂಚ್ಯವಾಗಿ ಹೇಳಿದರು. ಊರಿನಲ್ಲಿದ್ದಿದ್ದರೆ ಇವರಲ್ಲಿ ಯಾರೂ ಇನ್ನೊಬ್ಬರ ಮುಖ ಕಾಣುತ್ತಿರಲಿಲ್ಲ. ಹತ್ತು ಸಾವಿರ ಮೈಲಿ ದಾಟಿ ಬಂದು ಇಲ್ಲಿ ಜಗಳಕ್ಕೆ ಜೊತೆಯಾಗಿದ್ದರು.

ಹೊಸ ಗುಂಪಿನವರು ಮುನ್ನೂರು ರೊಟ್ಟಿ ಬಡಿದುಕೊಡಿ ಎಂದು ಕಾಕುವನ್ನು ಕೇಳಿದರು. ಕೇಳಿದ ಮಹಾಶಯ ಮಾತಿನ ನಡುವೆ, ನಮ್ಮ ಕಡಿಯವರ ನಾಲಿಗಿನೇ ನಾಲಿಗಿ, ಮೈಸೂರು ಕಡಿಯವರು ಹುಲ್ಲು ಕೊಟ್ರೂ ತಿಂತಾರ ಎಂದರಂತೆ. ಕಾಕು ಒಪ್ಪಲಿಲ್ಲ. ಕೆಳಗಿಳಿದು ಬಂದು ನನ್ನನ್ನು ಕೇಳಿದರು.

"ಐತವಾರ ನಿನ್ನ ಗಾಡಿ ಖಾಲಿ ಐತೇನು? ಸಮುದ್ರ ನೋಡಿಲ್ಲ ನಾ ಇನ್ನೂ."

ಹಾಗೆ ಆ ಭಾನುವಾರ ನಾವಿಬ್ಬರೂ ಸಾಂಟಾ ಕ್ರೂಜ್‌ಗೆ ಹೋದೆವು. ಮಂಜು ಕವಿದಿತ್ತು. ಗಾಳಿಗೆ ಕಾಕುವಿನ ಸೆರಗು ನಿಲ್ಲದೆ ಸ್ವೆಟರಿನೊಳಗೆ ಸಿಕ್ಕಿಸಿಕೊಂಡರು. ದಂಡೆಯ ಮೇಲಿನ ಅಂಗಡಿಯಿಂದ ಕರಿದ ಮೀನಿನ ವಾಸನೆ ಬರುತ್ತಿತ್ತು. ಅದರ ಎದುರು ಸಾಲುಗಟ್ಟಿ ನಿಂತಿದ್ದವರನ್ನು ನೋಡಿ ಇಬ್ಬರೂ ಮೂಗು ಮುಚ್ಚಿಕೊಂಡು ದೂರ ನಡೆದೆವು. ಕಾಕು ಚಪ್ಪಲಿ ಬಿಟ್ಟು, ಸೀರೆ ಎತ್ತಿ ಹಿಡಿದು ಅಲೆಯೊಳಗೆ ಎರಡು ಹೆಜ್ಜೆ ಇಟ್ಟು, ಥಟ್ಟನೆ ಹಿಂದೆ ಬಂದರು.

"ಎಷ್ಟು ಥಂಡ ಐತಿ ಇದು. ಮಂದಿ ಇದರಾಗ ಯಾಕ ಇಳೀತಾರ?"

"ಅವರಿಗೆ ಸೇರುತ್ತೆ ಕಾಕು."

"ಅವರಿಗೆ ಏನ ಬೇಕಾದ್ರೂ ಸೇರತೈತಿ," ಎಂದು ಕಾಕು ಮರಳಿನ ಮೇಲೆ ಕೂತು, ಒದ್ದೆ ಕಾಲುಗಳನ್ನು ಸೀರೆಯ ಅಂಚಿನಿಂದ ಒರೆಸಿಕೊಳ್ಳತೊಡಗಿದರು.